ಸಂಜೆಯ ಜಪ ನಿಂತ ಮನೆ

ದೇವರಿಲ್ಲವೆಂದು ವಾದಿಸುವವನನ್ನು ಕಂಡು ನನಗೆ ಎಂದೂ ಭಯವಾದುದಿಲ್ಲ. ವಾದಿಸುವವನಿಗೆ ಆ ವಿಷಯದಲ್ಲಿ ಅಷ್ಟಾದರೂ ಆಸ್ಥೆಯಿರುತ್ತದೆ. ರಾತ್ರಿ ಹನ್ನೊಂದರವರೆಗೆ ಕುಳಿತು ಜಗಳವಾಡುವಷ್ಟು ಪುರುಸೊತ್ತನ್ನು ಅವನು ಪರಮಾತ್ಮನಿಗಾಗಿ ಮೀಸಲಿಟ್ಟಿರುತ್ತಾನೆ. ಭಯವಾಗುವುದು ಬೇರೊಬ್ಬನನ್ನು ಕಂಡಾಗ. ಅವನು ದೇವರನ್ನು ನಂಬುತ್ತಾನೆ. ಅವನ ಮನೆಯ ಗೋಡೆಯ ಮೇಲೆ ಯೇಸುಸ್ವಾಮಿಯ ಪಟವಿದೆ, ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಸತ್ಯವೇದವಿದೆ, ಕ್ರಿಸ್ತಜಯಂತಿಗೆ ಹೊಸ ಬಟ್ಟೆ ತಪ್ಪುವುದಿಲ್ಲ. ಆದರೆ ಮನಸ್ಸಿಟ್ಟು ಕಡೆಯ ಸಲ ಪ್ರಾರ್ಥಿಸಿದ್ದು ಯಾವಾಗ ಎಂದು ಕೇಳಿದರೆ ಅವನಿಗೆ ನೆನಪಾಗುವುದಿಲ್ಲ. ಬಿಟ್ಟ ದಿನವೂ ನೆನಪಿಲ್ಲ. ಏಕೆಂದರೆ ಅಂಥ ದಿನವೊಂದು ಇರಲೇ ಇಲ್ಲ.

ನಮ್ಮ ಮಲೆನಾಡಿನಲ್ಲಿ ಮನೆಗಳು ಹಾಳಾಗುವುದೂ ಹೀಗೆಯೇ. ಜೋಯಿಡಾದ ಕಡೆ ಯಾರೂ ವಾಸಿಸದ ಮನೆಯನ್ನು ಒಂದು ಮಳೆಗಾಲದ ಮಟ್ಟಿಗೆ ಬಿಟ್ಟು ನೋಡಿರಿ. ಯಾರೂ ಬಂದು ಗೋಡೆಯನ್ನು ಕೆಡವುವುದಿಲ್ಲ. ಜೂನ್ ತಿಂಗಳಲ್ಲಿ ಒಂದು ಹೆಂಚು ಸರಿಯುತ್ತದೆ; ಜುಲೈಯಲ್ಲಿ ಆ ಸಂದಿನಿಂದ ಇಳಿದ ನೀರು ಜಂತಿಯನ್ನು ತೋಯಿಸುತ್ತದೆ; ಶ್ರಾವಣ ಮುಗಿಯುವಷ್ಟರಲ್ಲಿ ಗೆದ್ದಲು ತನ್ನ ಸಂಸಾರವನ್ನು ಹೂಡಿರುತ್ತದೆ. ಹೆಂಚು ಸರಿದ ದಿನ ಏಣಿ ಹತ್ತುವವನೊಬ್ಬನಿದ್ದಿದ್ದರೆ ಐದು ನಿಮಿಷದ ಕೆಲಸ.

ನಾನು ಧಾರವಾಡದ ಕಡೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಮಾಸ್ತರಿಕೆಯ ಹೆಚ್ಚಿನ ಕಾಲವನ್ನು ಹಳಿಯಾಳ, ಮುಂಡಗೋಡ, ಜೋಯಿಡಾ ತಾಲೂಕುಗಳ ಶಾಲೆಗಳಲ್ಲಿ ಕಳೆದು, ಈಗ ದಾಂಡೇಲಿಯಲ್ಲಿ ಕಾಳೀ ನದಿಯ ಗಾಳಿಯನ್ನು ಸೇವಿಸುತ್ತ ವಿಶ್ರಾಂತನಾಗಿದ್ದೇನೆ. ಊರೂರು ತಿರುಗಿದ ಮಾಸ್ತರನಿಗೆ ಒಂದು ಲಾಭವುಂಟು. ಜನರ ಮನೆಯ ಹೊರಬಾಗಿಲು ಅವನಿಗೆ ಸದಾ ತೆರೆದಿರುತ್ತದೆ. ಸಂಜೆ ಆರೂವರೆಗೆ ಯಾರ ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುತ್ತಿದ್ದುದು ನಿಂತುಹೋಗಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತದೆ. ಆತ್ಮದ ವಿಷಯದಲ್ಲಿ ಮನುಷ್ಯನು ಹೇಗೆ ಉದಾಸೀನನಾಗುತ್ತಾನೆ, ಆ ಔದಾಸೀನ್ಯದಿಂದ ಹೇಗೆ ಮೇಲೇಳುತ್ತಾನೆ ಎಂಬ ಬಗೆಗೆ ನಾನು ಬರೆಯುವುದೆಲ್ಲ ಆ ಹೊರಜಗುಲಿಗಳಲ್ಲಿ ಕಂಡುದೇ ಹೊರತು ದೇವಶಾಸ್ತ್ರದ ಪಾಂಡಿತ್ಯವಲ್ಲ.

ಬೇನೆಯೇನೋ ಹಳೆಯದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತ ಕ್ರೈಸ್ತ ಸಂನ್ಯಾಸಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬಾತನು ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಎಣಿಸಿದ್ದಾನೆ. ಹೊಟ್ಟೆಬಾಕತನ, ಕಾಮ, ಕೋಪ ಮುಂತಾದ ಪ್ರಸಿದ್ಧರ ನಡುವೆ ಅವನು ‘ಅಕೇಡಿಯಾ’ ಎಂಬುದೊಂದನ್ನು ಕೂಡಿಸಿ, ಎಲ್ಲಕ್ಕಿಂತ ಭಾರವಾದುದು ಇದೇ ಎಂದಿದ್ದಾನೆ. ಇದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಬರುತ್ತದೆಯಂತೆ. ಸೂರ್ಯನು ಆಕಾಶದಲ್ಲಿ ಅಲುಗದೆ ನಿಂತಂತೆ ತೋರುತ್ತದೆ. ಸಂನ್ಯಾಸಿಯು ಮತ್ತೆ ಮತ್ತೆ ಕಿಟಕಿಯಿಂದ ಇಣುಕಿ ಊಟದ ಹೊತ್ತಾಯಿತೇ ಎಂದು ನೋಡುತ್ತಾನೆ. ಇರುವ ಜಾಗ, ಮಾಡುವ ಕೆಲಸ, ಜೊತೆಯವರು, ಎಲ್ಲವೂ ಬೇಸರವಾಗುತ್ತದೆ. ತನ್ನ ಮೇಲೆ ಯಾರಿಗೂ ಪ್ರೀತಿಯಿಲ್ಲವೆಂದು ಅನಿಸತೊಡಗುತ್ತದೆ. ಏಪ್ರಿಲ್ ತಿಂಗಳಲ್ಲಿ ಊಟದ ನಂತರದ ಗಣಿತದ ಪಾಠ ಮಾಡಿದವರಿಗೆ ಈ ವರ್ಣನೆಯಲ್ಲಿ ಹೊಸದೇನೂ ಕಾಣದು. ಆದರೆ ಆ ಗ್ರೀಕ್ ಪದದ ಅರ್ಥವು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ‘ಕೇಡೋಸ್’ ಎಂದರೆ ಆಸ್ಥೆ. ಸತ್ತವರಿಗಾಗಿ ಪಡುವ ಶೋಕವೂ ಅದೇ. ಆ ಆಸ್ಥೆ ಇಲ್ಲದಿರುವುದೇ ಅಕೇಡಿಯಾ. ಅಳಬೇಕಾದಲ್ಲಿ ಅಳುವುದಕ್ಕೂ ಮನಸ್ಸು ಬಾರದ ಸ್ಥಿತಿ.

ಈ ಕಾಡು ಇಂಥ ವಿಚಾರಕ್ಕೆ ತಕ್ಕ ಸ್ಥಳವೆಂದು ಯಾರಿಗೂ ಕೂಡಲೆ ತೋರದಿರಬಹುದು. ಆದರೆ ದಿಕ್ಕುತಪ್ಪಿದ ಭಕ್ತಿಯು ಇಲ್ಲಿ ಬಂದು ನೆಲೆಗೊಂಡದ್ದು ಇದೇ ಮೊದಲಲ್ಲ. ಜೋಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಕಲ್ಯಾಣದಲ್ಲಿ ಕ್ಷೋಭೆಯಾದ ಮೇಲೆ ಶರಣರು ಈ ಅಡವಿಯನ್ನೇ ಹೊಕ್ಕರು. ಇಂದಿಗೂ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೇಟಿಯನರ ನೆಲೆಯುಂಟು. ದೇಶವನ್ನೇ ಕಳೆದುಕೊಂಡು ಬಂದ ಆ ಜನರಲ್ಲಿ ವೃದ್ಧರು ಕೈಯಲ್ಲಿ ಜಪಚಕ್ರವನ್ನು ತಿರುಗಿಸುತ್ತ ನಡೆಯುವುದನ್ನು ನೋಡುವಾಗ, ಸ್ವದೇಶದಲ್ಲಿ ಸ್ವಂತ ಮನೆಯಲ್ಲಿ ಕುಳಿತೂ ಪ್ರಾರ್ಥನೆಗೆ ಬಿಡುವಿಲ್ಲವೆನ್ನುವ ನಮ್ಮವರ ಮಾತು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ.

ಕ್ರೈಸ್ತರ ಕಥೆ ಬೇರೆ. ಹಳಿಯಾಳ, ಮುಂಡಗೋಡಗಳ ಹಳ್ಳಿಗಳಲ್ಲಿ ಇರುವ ಕ್ರೈಸ್ತರಲ್ಲಿ ಬಹುಮಂದಿ ಸಿದ್ದಿಯರು. ಇವರ ಪೂರ್ವಿಕರನ್ನು ಪೋರ್ತುಗೀಜರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟವನ್ನು ಹತ್ತಿ ಈ ಕಾಡನ್ನು ಸೇರಿದರು. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕ್ರೈಸ್ತ ಸಿದ್ದಿಯರು ಮನೆಯಲ್ಲಿ ಕೊಂಕಣಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಸರಕಾರವು ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಲೌಕಿಕದ ಉಪೇಕ್ಷೆಯೇ ಅಷ್ಟು ದೀರ್ಘವಾಗಿದ್ದಾಗ ಪಾರಮಾರ್ಥಿಕದ ಉಪೇಕ್ಷೆಯನ್ನು ಕೇಳುವವರಾರು? ತಲೆಗೆ ನೀರು ಹಾಕಿ ಸಂತರ ಹೆಸರಿಟ್ಟ ಒಡೆಯರೇ ಅವರನ್ನು ಸಂತೆಯಲ್ಲಿ ಮಾರಿದರು. ಆ ಒಡೆಯರಿಂದ ಓಡಿಬಂದವನು ಒಡೆಯನ ದೇವರನ್ನೂ ಘಟ್ಟದ ಕೆಳಗೇ ಬಿಟ್ಟು ಬಂದಿದ್ದರೆ ಯಾರು ತಾನೆ ತಪ್ಪೆನ್ನಬಹುದಿತ್ತು? ಆದರೆ ಅನೇಕರು ಬಿಡಲಿಲ್ಲ. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಆಗ ಗುರುಗಳಿದ್ದದ್ದು ಬಹುದೂರದಲ್ಲಿ. ಈ ಸೀಮೆಯ ಕ್ರೈಸ್ತರು ಮೊದಲು ಗೋವೆಯ ಆರ್ಚ್‌ಬಿಷಪರ ಆಡಳಿತಕ್ಕೆ ಒಳಪಟ್ಟಿದ್ದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತವಾಯಿತು. ಉತ್ತರ ಕನ್ನಡ ಜಿಲ್ಲೆಗೆಂದೇ ಕಾರವಾರ ಧರ್ಮಪ್ರಾಂತವಾದದ್ದು 1976ರಲ್ಲಿ. ಅದಕ್ಕೂ ಹಿಂದಿನ ಕಾಲದಲ್ಲಿ, ರಸ್ತೆಗಳಿಲ್ಲದಾಗ, ಕಾಡಿನ ಒಳಗಿನ ಹತ್ತು ಗುಡಿಸಲುಗಳ ಕೇರಿಗೆ ಪಾದ್ರಿಯೊಬ್ಬನು ವರ್ಷಕ್ಕೆ ಎಷ್ಟು ಸಲ ಬರುವುದು ಸಾಧ್ಯವಿತ್ತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಂಥ ಉಪೇಕ್ಷಿತರ ಬಳಿಗೆ ತಾನಾಗಿ ನಡೆದುಹೋದವನೊಬ್ಬನ ಕಥೆಯನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಅವನು ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್. ಕೊಂಕಣಿ ಮನೆಮಾತಿನ ಈ ಗುರು 1681ರಲ್ಲಿ ಕೆನರಾ ಸೀಮೆಗೆ ಬಂದ. ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಕಡೆ ಕ್ರೈಸ್ತರ ಸ್ಥಿತಿ ಆಗ ಶೋಚನೀಯವಾಗಿತ್ತು. ಗುರುಗಳು ವಿರಳ, ಇದ್ದ ಕೆಲವರ ನಡುವೆ ಅಧಿಕಾರ ಪೋರ್ತುಗಲ್ಲಿನ ದೊರೆಗೆ ಸೇರಿದ್ದೋ, ರೋಮಿನಿಂದ ನೇಮಕಗೊಂಡ ಬಿಷಪರಿಗೆ ಸೇರಿದ್ದೋ ಎಂಬ ವ್ಯಾಜ್ಯ. ಕುರುಬರು ಕೋಲಿಗಾಗಿ ಜಗಳವಾಡುತ್ತಿದ್ದಾಗ ಕುರಿಗಳ ಗತಿ ಏನಾಗುವುದೋ ಅದೇ ಆಗಿತ್ತು. ವಾಜ್ ಮೂರು ವರ್ಷ ಬರಿಗಾಲಿನಲ್ಲಿ ತಿರುಗಿದ. ಬಿದ್ದ ಇಗರ್ಜಿಗಳನ್ನು ಎಬ್ಬಿಸಿದ. ಮಕ್ಕಳಿಗೆ ಪಾಠ ಹೇಳುವ ಏರ್ಪಾಡು ಮಾಡಿದ. ತಾನು ಹೋದ ಮೇಲೂ ನಡೆಯುವಂತೆ ಗೃಹಸ್ಥರ ಭಕ್ತಸಂಘಗಳನ್ನು ಕಟ್ಟಿದ. ಈ ಕಡೆಯ ಕೆಲಸವೇ ನನಗೆ ದೊಡ್ಡದಾಗಿ ಕಾಣುತ್ತದೆ.

ತರುವಾಯ ಅವನು ಹೋದದ್ದು ಸಿಂಹಳಕ್ಕೆ. ಡಚ್ಚರು 1658ರಲ್ಲಿ ಯಾಳ್ಪಾಣವನ್ನು ಗೆದ್ದುಕೊಂಡ ಮೇಲೆ ಅಲ್ಲಿ ಕೆಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಸುಮಾರು ಮೂವತ್ತು ವರ್ಷ ಅಲ್ಲಿಯ ಕ್ರೈಸ್ತರು ಗುರುವಿನ ಮುಖವನ್ನು ಕಾಣದೆ ಇದ್ದರು. 1687ರಲ್ಲಿ ವಾಜ್ ಕೂಲಿಯವನ ವೇಷದಲ್ಲಿ ಕದ್ದು ಒಳಹೊಕ್ಕ. ಯಾರು ಕ್ರೈಸ್ತರು, ಯಾರು ಅಲ್ಲ ಎಂದು ತಿಳಿಯುವ ಬಗೆ? ಬಾಯಿಬಿಟ್ಟು ಕೇಳಿದರೆ ತಲೆಗೆ ಅಪಾಯ. ಅವನು ಕೊರಳಿಗೆ ಜಪಮಾಲೆಯನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದ. ಅನ್ನ ನೀಡಲು ಬಂದವರ ಕಣ್ಣು ಆ ಮಾಲೆಯ ಮೇಲೆ ಹೇಗೆ ನಿಲ್ಲುತ್ತದೆಂದು ನೋಡುತ್ತಿದ್ದ. ನಿಂತ ಕಣ್ಣುಗಳಿದ್ದುವು! ಆ ಮನೆಗಳಲ್ಲಿ ಮೂವತ್ತು ವರ್ಷವೂ ಬೂದಿಯ ಕೆಳಗೆ ಕೆಂಡವಿತ್ತು. 1711ರಲ್ಲಿ ಕಂಡಿಯಲ್ಲಿ ತೀರಿಕೊಂಡ ಈತನನ್ನು 2015ರಲ್ಲಿ ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಸಂತನೆಂದು ಸಾರಿದರು.

ಗುರುವಿಲ್ಲದೆ ಕೆಂಡವು ಹೇಗೆ ಉಳಿಯುತ್ತದೆ? ಜಪಾನಿನ ಉದಾಹರಣೆ ಇನ್ನೂ ಸೋಜಿಗದ್ದು. ಅಲ್ಲಿ ಹದಿನೇಳನೆಯ ಶತಮಾನದಲ್ಲಿ ಕ್ರೈಸ್ತ ಧರ್ಮವು ನಿಷಿದ್ಧವಾಯಿತು. ಗುರುಗಳೆಲ್ಲ ಸತ್ತರು ಇಲ್ಲವೆ ಹೊರಹಾಕಲ್ಪಟ್ಟರು. ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಕಳೆದು, 1865ರಲ್ಲಿ ನಾಗಾಸಾಕಿಯ ಓಉರಾ ಇಗರ್ಜಿಯಲ್ಲಿದ್ದ ಫ್ರೆಂಚ್ ಗುರುವೊಬ್ಬನ ಬಳಿ ಹಳ್ಳಿಯ ಕೆಲವರು ಬಂದು, ನಮ್ಮ ಹೃದಯವೂ ನಿಮ್ಮದೂ ಒಂದೇ ಎಂಬ ಅರ್ಥದ ಮಾತನ್ನು ಪಿಸುಗುಟ್ಟಿ, ಮಾತೆ ಮರಿಯಳ ಮೂರ್ತಿ ಎಲ್ಲಿದೆಯೆಂದು ಕೇಳಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಕಣ್ಣೊರೆಸಿಕೊಂಡು ನಿಲ್ಲುತ್ತಾರೆ. ಮಾಸ್ತರನಾದ ನನಗೆ ಅವರ ವ್ಯವಸ್ಥೆಯ ಮೇಲೆ ಹೆಚ್ಚು ಕುತೂಹಲ. ಆ ಹಳ್ಳಿಗಳಲ್ಲಿ ಹಬ್ಬ, ಉಪವಾಸಗಳ ಲೆಕ್ಕವಿಡಲು ಒಬ್ಬ. ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಇನ್ನೊಬ್ಬ. ಮನೆಮನೆಗೆ ಸುದ್ದಿ ಮುಟ್ಟಿಸಲು ಮತ್ತೊಬ್ಬ. ಹೀಗೆ ಕೆಲಸಗಳನ್ನು ಹಂಚಿದ್ದರು. ಅಂದರೆ ಯಾವ ಮನೆಯನ್ನೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ನಮ್ಮ ಕೆನರಾದ ಗುರ್ಕಾರರ ಪದ್ಧತಿಯೂ ಇಂಥದೇ. ವಾಡೆಗೊಬ್ಬ ಗೃಹಸ್ಥನು ಗುರ್ಕಾರನೆನಿಸಿ ಅಲ್ಲಿಯ ಮನೆಗಳ ಕಷ್ಟಸುಖದ ಹೊಣೆಯನ್ನು ಹೊರುತ್ತಿದ್ದ. ವೇದಾಂತವೇನೂ ಅವನಿಗೆ ತಿಳಿಯಬೇಕಾಗಿರಲಿಲ್ಲ. ಯಾರ ಮನೆಯ ದೀಪ ಹೊತ್ತಿಲ್ಲವೆಂದು ತಿಳಿದರೆ ಸಾಕಾಗಿತ್ತು.

ಕಾಡಿನ ಮನೆಗಳಲ್ಲಿ ನಾನು ಕಂಡ ಆಚಾರಗಳು ಬಹಳ ಸಣ್ಣವು. ಮುಸ್ಸಂಜೆಯ ಜಪಕ್ಕೆ ಕೊಂಕಣಿಯಲ್ಲಿ ಆಮೋರಿ ಎನ್ನುತ್ತಾರೆ. ಆ ಹೊತ್ತಿಗೆ ದನ ಕಟ್ಟುತ್ತಿದ್ದವನು ಹಗ್ಗವನ್ನು ಹಿಡಿದಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ಬಳಿಕ ದೀಪದ ಮುಂದೆ ಜಪಸರ. ಅದು ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಹಿರಿಯರಿಂದ ಆಶೀರ್ವಾದ ಬೇಡುತ್ತಾರೆ. ಮಧ್ಯಾಹ್ನ ಶಾಲೆಯಲ್ಲಿ ನನ್ನ ಪ್ರಾಣ ತಿಂದ ಹುಡುಗನೂ ಆಗ ದೇವದೂತನಂತೆ ಕೈಮುಗಿದು ನಿಂತಿರುವುದನ್ನು ನೋಡಿ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ನಮ್ಮ ಮನೆತನದಲ್ಲಿ ಜಪಮಾಲೆಯ ರೂಢಿಯಿಲ್ಲ. ನಾವು ವೇದಪುಸ್ತಕ ಓದಿ, ಕೀರ್ತನೆ ಹಾಡುವವರು. ಆದರೂ ಆ ಮಣಿಗಳ ಗುಣುಗುಣು ಶಬ್ದವನ್ನು ಜಗುಲಿಯ ಮೇಲೆ ಕುಳಿತು ಕೇಳುವುದು ನನಗೆ ಹಿತವಾಗುತ್ತಿತ್ತು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಕ್ರೈಸ್ತರಾದವರು ಅದರಲ್ಲಿ ಶಿಲುಬೆಯ ಆಕಾರದ ತುಂಡನ್ನು ಸೇರಿಸುವುದುಂಟು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವಿನಂತೆ ಕೂಡಿಸುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಚಳಿಯನ್ನೇನೋ ಅದು ಹೂವಿಲ್ಲದೆಯೂ ತಡೆಯುತ್ತದೆ. ಆದರೂ ಹೂವಿಲ್ಲದೆ ಕೆಲಸ ಮುಗಿಯಿತೆಂದು ಅವರು ಒಪ್ಪುವುದಿಲ್ಲ.

ಇನ್ನು ದಾಂಡೇಲಿಗೆ ಬರೋಣ. ಮರದ ನಾಟಾದ ಊರಾಗಿದ್ದ ಇದು 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿಯಿಂದ ಪಟ್ಟಣವಾಯಿತು. ನಾಲ್ಕು ದಿಕ್ಕಿನಿಂದ ಜನ ಬಂದರು; ಅವರೊಂದಿಗೆ ನಾಲ್ಕು ಬಗೆಯ ಕ್ರೈಸ್ತರೂ ಬಂದರು. ಇಲ್ಲಿ ಆರಾಧನೆಗೆ ಸ್ಥಳವಿದೆ, ಗುರುಗಳಿದ್ದಾರೆ, ವಿದ್ಯುದ್ದೀಪವಿದೆ, ರಸ್ತೆಯಿದೆ. ಕಾಡಿನ ಅಜ್ಜಂದಿರು ಕನಸಿನಲ್ಲಿಯೂ ಕಾಣದ ಸೌಕರ್ಯಗಳಿವು. ಆದರೆ ಜಪ ನಿಂತ ಮನೆಗಳನ್ನು ನಾನು ಹೆಚ್ಚಾಗಿ ಕಂಡದ್ದು ಇಲ್ಲಿಯೇ. ಪಾಳಿಯ ಕೆಲಸ ಮನೆಯ ಸಂಜೆಯನ್ನು ಮೂರು ತುಂಡು ಮಾಡುತ್ತದೆ. ತಂದೆ ಬರುವಾಗ ಮಗ ಹೊರಡುತ್ತಾನೆ. ಉಳಿದ ಹೊತ್ತನ್ನು ಮೊದಲು ರೇಡಿಯೋ, ಆಮೇಲೆ ಟೆಲಿವಿಷನ್, ಈಗ ಅಂಗೈಯಲ್ಲಿಯ ಫೋನು ತಿನ್ನುತ್ತ ಬಂದಿವೆ. ಇವುಗಳನ್ನು ಬಯ್ಯುವುದು ಸುಲಭ. ವಯಸ್ಸಾದವರಿಗೆ ಪ್ರಿಯವೂ ಹೌದು. ನನಗೆ ತೋರುವ ಕಾರಣ ಬೇರೆಯದು. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಡಿ ಹೋದುವು. ಜನ ರಾಮನಗರಕ್ಕೂ ಇತರೆಡೆಗೂ ಚದರಿದರು. ಹೊಲಕ್ಕೆ ಪರಿಹಾರ ಸಿಕ್ಕಿತು, ಮನೆಗೆ ಸಿಕ್ಕಿತು. ‘ನಿನ್ನೆ ನಿಮ್ಮಲ್ಲಿ ದೀಪ ಕಾಣಲಿಲ್ಲವಲ್ಲ, ಮೈಯಲ್ಲಿ ಹುಷಾರಿಲ್ಲವೇ?’ ಎಂದು ಕೇಳುತ್ತಿದ್ದ ನೆರೆಮನೆಗೆ ಯಾವ ಕಚೇರಿಯಲ್ಲಿ ಪರಿಹಾರ?

ಔದಾಸೀನ್ಯಕ್ಕೆ ಮದ್ದೆಂದು ನಮ್ಮವರು ಸಾಮಾನ್ಯವಾಗಿ ಮಾಡುವುದೆಂದರೆ ಚಪ್ಪರ ಹಾಕಿ, ಧ್ವನಿವರ್ಧಕ ಕಟ್ಟಿ, ದೂರದ ಬೋಧಕರನ್ನು ಕರೆಸಿ ಮೂರು ದಿನದ ಸಭೆ ನಡೆಸುವುದು. ಸಭೆಗಳನ್ನು ಹಳಿಯಲಾರೆ, ಅಲ್ಲಿ ಹೃದಯ ಕರಗಿದವರನ್ನು ನಾನೇ ಬಲ್ಲೆ. ಆದರೆ ನಾಲ್ಕನೆಯ ದಿನ ಚಪ್ಪರ ಬಿಚ್ಚಿದ ಮೇಲೆ ಅವರ ಮನೆಗೆ ಯಾರು ಹೋಗುತ್ತಾರೆ? ಮರುಭೂಮಿಯ ಇವಾಗ್ರಿಯಸನು ಹೇಳಿದ ಮದ್ದು ಎಷ್ಟು ಸಪ್ಪೆಯಾದುದೆಂದರೆ ಅದಕ್ಕಾಗಿ ಯಾರೂ ಚಪ್ಪರ ಹಾಕಲಾರರು: ಗುಹೆಯನ್ನು ಬಿಟ್ಟು ಏಳಬೇಡ, ಕೈಗೆ ಸಿಕ್ಕ ಕೆಲಸ ಮಾಡು, ಹೊತ್ತಿಗೆ ಸರಿಯಾಗಿ ಕೀರ್ತನೆ ಹೇಳು. ಮನಸ್ಸು ಬಂದ ಮೇಲೆ ಹೇಳುತ್ತೇನೆಂದು ಕಾಯುವವನ ಹತ್ತಿರ ಮನಸ್ಸು ಬರುವುದೇ ಇಲ್ಲ.

ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನಾನಿದ್ದಾಗ ನಡೆದುದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಒಬ್ಬ ಹೆಂಗಸು. ಗಂಡ ಗೋವೆಗೆ ಕೂಲಿಗೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಇದ್ದ ಒಬ್ಬನೇ ಮಗ ಹನ್ನೊಂದು ವರ್ಷದವನು, ನನ್ನ ಶಾಲೆಯವನೇ, ಜ್ವರದಲ್ಲಿ ತೀರಿಕೊಂಡ. ಮಣ್ಣು ಮಾಡಿದ ದಿನ ಆಕೆ ಅಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಸಂಜೆಯ ದೀಪ ಹೊತ್ತಲಿಲ್ಲ, ಭಾನುವಾರ ಆಕೆ ಇಗರ್ಜಿಯ ದಾರಿ ಹಿಡಿಯಲಿಲ್ಲ. ಸಿಟ್ಟೂ ಇರಲಿಲ್ಲ. ದೇವರನ್ನು ಬೈದಿದ್ದರೆ ಒಂದು ಸಮಾಧಾನವಿತ್ತು. ಕೆಲಸಕ್ಕೆ ಹೋಗುತ್ತಿದ್ದಳು, ಗಂಜಿ ಕಾಸುತ್ತಿದ್ದಳು, ಮಲಗುತ್ತಿದ್ದಳು. ಬುದ್ಧಿ ಹೇಳಲು ಬಂದವರಿಗೆ ಹೂಂಗುಟ್ಟಿ ಕಳುಹಿಸುತ್ತಿದ್ದಳು. ಯೋಬನ ಕಥೆಯನ್ನು ಆಕೆಗೆ ಹೇಳಿದವರು ಕಡಿಮೆಯೆಂದರೆ ಐದು ಮಂದಿ.

ಆ ಕೇರಿಯಲ್ಲಿ ಒಬ್ಬ ಮುದುಕಿ ಇದ್ದಳು; ಓದು ಬಾರದು, ಒಂದು ಕಣ್ಣು ಮಂಜು. ಆಕೆ ಒಂದು ಸಂಜೆ ಊರುಗೋಲು ಹಿಡಿದು ಬಂದು ಆ ಮನೆಯ ಜಗುಲಿಯ ತುದಿಯಲ್ಲಿ ಕುಳಿತು, ಒಳಗಿದ್ದವಳನ್ನು ಕರೆಯದೆ, ತನ್ನ ಪಾಡಿಗೆ ತಾನು ಜಪಸರವನ್ನು ಹೇಳಿ ಎದ್ದು ಹೋದಳು. ಮರುದಿನವೂ ಅಷ್ಟೇ. ಮಳೆ ಹಿಡಿಯಿತು, ಗೋಣಿಯ ಕೊಪ್ಪೆ ಹಾಕಿಕೊಂಡು ಬಂದಳು. ಶಾಲೆಯಿಂದ ಮರಳುವಾಗ ನಾನು ಒಮ್ಮೆ, ‘ಅಜ್ಜೀ, ಒಳಗೆ ಹೋಗಿ ಅವಳಿಗೆ ನಾಲ್ಕು ಮಾತು ಹೇಳಬಾರದೇ?’ ಎಂದು ಕೇಳಿದೆ. ಆಕೆ, ‘ಅವಳ ಪಾಲಿನ ಜಪ ಬಾಕಿ ಬೀಳಬಾರದಲ್ಲ ಮಾಸ್ತರರೇ, ಅದಕ್ಕೆ ಬರುತ್ತೇನೆ. ಅವಳಿಗೆ ಆದಾಗ ಅವಳು ಹೇಳಿಕೊಳ್ಳಲಿ’ ಎಂದಳು.

ಸಾಲವನ್ನು ಬಡ್ಡಿ ಬೆಳೆಯದಂತೆ ನೋಡಿಕೊಳ್ಳುವ ಹೆಂಗಸಿನ ಮಾತು ಅದು. ಇದನ್ನು ದೇವಶಾಸ್ತ್ರದ ಪರೀಕ್ಷೆಯಲ್ಲಿ ಬರೆದರೆ ಎಷ್ಟು ಅಂಕ ಸಿಗುವುದೋ ನಾನರಿಯೆ.

ಜೂನ್ ಕಳೆಯಿತು, ಭತ್ತದ ನಾಟಿ ಮುಗಿಯಿತು. ಸೆಪ್ಟಂಬರ್ ಎಂಟಕ್ಕೆ ಮಾತೆ ಮರಿಯಳ ಹಬ್ಬ, ಹೊಸ ತೆನೆಯ ಹಬ್ಬ. ಅದಕ್ಕೆ ನಾಲ್ಕಾರು ದಿನ ಮೊದಲು ಮುದುಕಿಗೆ ಜ್ವರ ಬಂದು ಬರಲಾಗಲಿಲ್ಲ. ಆ ಸಂಜೆ ನಾನು ಎದುರು ಮನೆಯಲ್ಲಿ ಒಬ್ಬ ಹುಡುಗನ ಹಾಜರಿಯ ವಿಷಯ ಮಾತಾಡುತ್ತ ಕುಳಿತಿದ್ದೆ. ಹೊತ್ತು ಮುಳುಗಿತು. ಆ ಹೆಂಗಸು ಎರಡು ಸಲ ಹೊರಗೆ ಬಂದು ದಾರಿಯನ್ನು ನೋಡಿದಳು. ಮೂರನೆಯ ಸಲ ಬಂದಾಗ ಕೈಯಲ್ಲಿ ಚಿಮಣಿಯಿತ್ತು. ಅದನ್ನು ಮುದುಕಿ ಕೂಡುತ್ತಿದ್ದ ಜಾಗದಲ್ಲಿಟ್ಟು, ಅಲ್ಲಿಯೇ ಕುಳಿತು, ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಆರಂಭಿಸಿದಳು. ನಡುವೆ ಮಾತು ತಪ್ಪಿತು. ಮತ್ತೆ ಮೊದಲಿನಿಂದ ಹೇಳಿದಳು. ಎರಡನೆಯ ಸಲ ಅದೇ ಮಾತಿಗೆ ಬಂದಾಗ ಅಳು ಒಡೆಯಿತು; ಅಷ್ಟು ತಿಂಗಳ ಅಳು. ಎದುರು ಮನೆಯವರು ಓಡಿಹೋಗಲು ಎದ್ದರು. ಆ ಮನೆಯ ಯಜಮಾನ ಕೈ ಅಡ್ಡಹಿಡಿದು ತಡೆದ. ಜಪ ಮುಗಿದ ಮೇಲೆ ಆಕೆ ಚಿಮಣಿಯನ್ನು ಎತ್ತಿಕೊಂಡು, ಗಂಜಿಯ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು, ಕತ್ತಲಲ್ಲಿ ಮುದುಕಿಯ ಗುಡಿಸಲಿನ ಕಡೆಗೆ ನಡೆದಳು.

ಮುದುಕಿ ಮುಂದೆ ಎರಡು ವರ್ಷ ಬದುಕಿದ್ದಳು. ನನಗೆ ಬೇರೆ ಊರಿಗೆ ವರ್ಗವಾಯಿತು. ಹಲವು ವರ್ಷಗಳ ಮೇಲೆ ಹಳಿಯಾಳದ ಸಂತೆಯಲ್ಲಿ ಆ ಹೆಂಗಸು ಕಂಡಳು. ಮಗನ ಹೆಸರು ಹೇಳಿ, ‘ಅವನ ಮಾಸ್ತರರು ನೀವು’ ಎಂದು ತಾನೇ ಗುರುತು ಹಿಡಿದಳು. ಗಂಡ ಊರಿಗೆ ಮರಳಿದ್ದಾನೆ, ಎರಡು ಎಮ್ಮೆಗಳಿವೆ ಎಂದೆಲ್ಲ ಹೇಳಿದಳು. ಸಂಜೆ ಕೊನೆಯ ಬಸ್ಸಿಗೆ ಹೋಗಬಹುದಲ್ಲ, ಇಷ್ಟು ಬೇಗ ಏಕೆ ಅವಸರ ಎಂದು ಕೇಳಿದರೆ, ತಮ್ಮ ಕೇರಿಯ ಕೆಳಗಡೆ ಹೊಸದಾಗಿ ಬಂದಿರುವ ಒಂದು ಮನೆಯಿದೆ, ಹುಡುಗಿಯೊಬ್ಬಳು ಮನೆ ಬಿಟ್ಟು ಹೋದ ಮೇಲೆ ಅವರ ತಾಯಿ ಯಾರೊಡನೆಯೂ ಮಾತಾಡುವುದಿಲ್ಲ, ಅಲ್ಲಿಗೆ ಆರೂವರೆಯೊಳಗೆ ಮುಟ್ಟಬೇಕು ಎಂದು ಹೇಳಿ, ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆಗೆ ಹೊರಟುಹೋದಳು.